ಬಾಗಿಲ ಮೇಲಿನ ಕಣಜದ ಗೂಡು

ವಂದನಾ,

ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ. ನಿನ್ನ ಫ್ಯಾನಿನ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಮುಗಿಯುವ ಮಾತಿಗೆ ಕಾಗದ ಹಿಡಿದು ಕೂತಿದ್ದೇನೆ ನೋಡು, ಅಂಥ ಹೇಡಿ ನಿನ್ನ ಅತ್ತೆ. ಮೂರು ದಿನದಿಂದ ನಿನ್ನ ಬಾಗಿಲವರೆಗೆ ಬಂದು, "ಕಾಫಿ ಕುಡೀತೀಯೇನಮ್ಮಾ?" ಎಂದು ಕೇಳಿ ವಾಪಸಾಗಿದ್ದೇನೆ. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಊರವರಿಗೆಲ್ಲ "ವಿಷಾದಿಸುತ್ತೇವೆ" ಎಂದು ಬರೆದ ಕೈ ಇದು. ಆಗ ಒಂದು ದಿನವೂ ನನಗೆ ವಿಷಾದವಾಗಿರಲಿಲ್ಲ. ಈಗ ಆಗಿದೆ, ಬರೆಯಲು ಕೈ ಬರುತ್ತಿಲ್ಲ.

ಸುತ್ತಿಬಳಸದೆ ಹೇಳಿಬಿಡುತ್ತೇನೆ. ಬಾಲ್ಕನಿ ಬಾಗಿಲ ಮೇಲಿದ್ದ ಕಣಜದ ಗೂಡನ್ನು ಒಡೆದವಳು ಕೆಲಸದ ಸುಗುಣಾ ಅಲ್ಲ. ನಾನು.

ನೀನು ಮದುವೆಯಾಗಿ ಚೆನ್ನೈಗೆ, ಈ ನುಂಗಂಬಾಕ್ಕಂ ಮನೆಗೆ ಬಂದಾಗ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಬಟ್ಟೆ ಹಗ್ಗ, ಅಷ್ಟೇ ಇದ್ದದ್ದು. ವರ್ಷದೊಳಗೆ ಕಾಲಿಡಲು ಜಾಗವಿಲ್ಲದ ಹಾಗೆ ಕುಂಡಗಳನ್ನು ತುಂಬಿಸಿದೆ. ಕರಿಬೇವಿಗೆ ಹುಳು ಬಿದ್ದರೆ ನನಗೆ ಹೊಟ್ಟೆಯುರಿ, ನಿನಗೆ ಸಂಭ್ರಮ. "ಅದು ಚಿಟ್ಟೆ ಆಗತ್ತೆ ಅತ್ತೆ, ನಮಗೆ ಸೊಪ್ಪು ಅಂಗಡೀಲಿ ಸಿಗತ್ತಲ್ಲ" ಅನ್ನುತ್ತಿದ್ದೆ. ಎಕ್ಕದ ಗಿಡ ತಂದು ನೆಟ್ಟ ದಿನ ನಾನು ಕೂಗಾಡಿದ್ದು ಮೇಲಿನ ಮನೆಯವರಿಗೂ ಕೇಳಿಸಿತ್ತು. "ನಮ್ಮ ಕಡೆ ಎಕ್ಕ ಹುಟ್ಟಿಹೋಗ್ಲಿ ಅಂತ ಶಾಪ ಹಾಕ್ತಾರೆ ಕಣೇ, ನೀನು ಕೈಯಾರೆ ಕುಂಡದಲ್ಲಿ ಹುಟ್ಟಿಸ್ತಿದ್ದೀಯಲ್ಲ!" ನೀನು ನಕ್ಕು, "ಶಾಪ ಹಾಕಿದೋರು ಅದರ ಮೇಲೆ ಕೂರೋ ಚಿಟ್ಟೆ ನೋಡಿಲ್ಲ ಬಿಡಿ" ಅಂದೆ. ನೀನು ಬ್ಯಾಂಕಿಗೆ ಹೊರಟ ಮೇಲೆ ನಾನು ಎಷ್ಟೋ ಸಲ ಆ ಗಿಡಗಳಿಗೆ ಜಿರಳೆ ಔಷಧಿ ಹೊಡೆದಿದ್ದೇನೆ. ಅದನ್ನೂ ಇವತ್ತೇ ಒಪ್ಪಿಕೊಳ್ಳುತ್ತೇನೆ. ಮರಿಹುಳುಗಳು ಯಾಕೆ ಸಾಯುತ್ತಿವೆ ಎಂದು ನೀನು ಮೊಬೈಲಿನಲ್ಲಿ ಹುಡುಕುತ್ತಿದ್ದರೆ, ನಾನು ಎದುರಿಗೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ.

ಒಡಕು ಮಣ್ಣಿನ ತಟ್ಟೆಯಲ್ಲಿ ಹಸಿ ಮಣ್ಣು ಕಲಸಿಟ್ಟವಳೂ ನೀನೇ. "ಈ ಊರೆಲ್ಲ ಸಿಮೆಂಟು ಅತ್ತೆ. ಪಾಪ, ಕಣಜಕ್ಕೆ ಗೂಡು ಕಟ್ಟೋಕೆ ಒಂದು ಚಿಟಿಕೆ ಮಣ್ಣು ಸಿಗಲ್ಲ" ಎಂದು ದಿನಾ ಅದಕ್ಕೆ ನೀರು ಚಿಮುಕಿಸುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ಬಂದೇ ಬಂತು. ದಾರದಂಥ ಸೊಂಟ ಅದಕ್ಕೆ. ತಟ್ಟೆಯಿಂದ ಉಂಡೆ ಕಟ್ಟಿಕೊಂಡು ಹೋಗಿ ಬಾಗಿಲ ಚೌಕಟ್ಟಿಗೆ ಮೆತ್ತುತ್ತಿತ್ತು. ಒಂದೊಂದು ಕೋಣೆಯಲ್ಲೂ ಒಂದೊಂದು ಮೊಟ್ಟೆ, ಮರಿಯ ಊಟಕ್ಕೆ ಹಸಿರು ಹುಳು, ಆಮೇಲೆ ಬಾಗಿಲು ಬಂದ್. ಆರು ಕೋಣೆ. ನೀನು ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ನಾನು ಅದರಲ್ಲಿ ನೋಡಿದ್ದೇ ಬೇರೆ. "ಕಣಜ ಗೂಡು ಕಟ್ಟಿದ ಮನೇಲಿ ತೊಟ್ಟಿಲು ಕಟ್ತಾರೆ" ಎಂದು ನಮ್ಮಮ್ಮ ಹೇಳುತ್ತಿದ್ದಳು. ಎರಡು ಸಲ ನಿನ್ನ ಬಸಿರು ನಿಲ್ಲದೆ ಹೋದ ಮೇಲೆ ನೀನೂ ರಘುವೂ ಆ ಮಾತು ಎತ್ತುವುದನ್ನೇ ಬಿಟ್ಟಿದ್ದಿರಿ. ನಾನು ಬಿಟ್ಟಿರಲಿಲ್ಲ. ಅಲ್ಲಿಯವರೆಗೆ ಹುಳ ಕಂಡರೆ ಪೊರಕೆ ಹುಡುಕುತ್ತಿದ್ದವಳು, ಆ ಗೂಡಿನ ಪಕ್ಕ ಅರಿಶಿನ ಕುಂಕುಮ ಹಚ್ಚಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಆಫೀಸಿಂದ ಸುಸ್ತಾಗಿ ಬಂದವಳನ್ನು, ಚಪ್ಪಲಿ ಬಿಡುವ ಮೊದಲೇ ಗೂಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಶುಭಸೂಚನೆ ಎಂದು ಬರೆದು ನೆಂಟರ ಗ್ರೂಪಿಗೆಲ್ಲ ಕಳಿಸಿದೆ. ಕೊಳ್ಳೇಗಾಲದಿಂದ ಚಿಕ್ಕತಾಯಮ್ಮ ಅತ್ತಿಗೆ ಫೋನ್ ಮಾಡಿ, "ಗೂಡು ದುಂಡಗಿದ್ಯಾ, ಉದ್ದಕ್ಕಿದ್ಯಾ? ದುಂಡಗಿದ್ರೆ ಹೆಣ್ಣು ಕಣೇ" ಅಂದಳು. ನಾನು ಸ್ಪೀಕರ್ ಹಾಕಿಕೊಂಡೇ ಮಾತಾಡಿದೆ. ನೀನು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಹೋದೆ. "ಬಸುರಿ ಲಕ್ಷಣ" ಎಂದು ನಾನು ಅದಕ್ಕೂ ಖುಷಿಪಟ್ಟೆ. ಥೂ ನನ್ನ ಜನ್ಮಕ್ಕೆ! ಮೊನ್ನೆ ಆ ಫೋಟೋ ತೆಗೆದು ನೋಡಿದೆ. ಅದರಲ್ಲಿ ನಿನ್ನ ಮುಖ ಹೇಗಿದೆ ಎಂದು ಅಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಗುರುವಾರ, ನೀನು ಹೊಟ್ಟೆ ಹಿಡಿದುಕೊಂಡು ಬಿಸಿನೀರಿನ ಬ್ಯಾಗ್ ಕೇಳಿದೆ. ಮಾತ್ರೆ ನುಂಗಿ ಬ್ಯಾಂಕಿಗೂ ಹೋದೆ. ನೀನು ಮುಟ್ಟಾಗಿದ್ದೀಯ ಎಂದು ನನಗೆ ಗೊತ್ತಾಯಿತು. ನಿನ್ನ ನೋವಿಗೆ ಮರುಗಬೇಕಿತ್ತು, ನನಗೆ ಬಂದದ್ದು ಸಿಟ್ಟು. ಎಲ್ಲರಿಗೂ ಹೇಳಿಯಾಗಿದೆ, ಇನ್ನು ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂಬ ಸಿಟ್ಟು. ಮಧ್ಯಾಹ್ನ ಜೇಡರಬಲೆ ಹೊಡೆಯುವ ಕೋಲು ತಗೊಂಡು, "ಸುಳ್ಳು ಹೇಳ್ತೀಯಾ ಮುಂಡೇದೇ" ಎಂದು ಗೂಡಿಗೆ ಕುಟ್ಟಿದೆ. ಎರಡೇ ಏಟಿಗೆ ಬಿತ್ತು. ಒಳಗಿಂದ ಹಸಿರು ಹುಳುಗಳು, ಬಿಳಿ ಮರಿಗಳು ನೆಲಕ್ಕೆ ಚೆಲ್ಲಿದವು. ಒಂದಕ್ಕೆ ಆಗಲೇ ಕಾಲು ಮೂಡಿತ್ತು, ಮಡಚಿಕೊಂಡು ಮಲಗಿತ್ತು. ಅದು ಅಲ್ಲಾಡಿತು, ವಂದನಾ. ನಾನು ಅದನ್ನೂ ಮೊರದಲ್ಲಿ ಬಾಚಿ ಕಸಕ್ಕೆ ಹಾಕಿದೆ.

ಸಂಜೆ ನೀನು ಬಂದು ಖಾಲಿ ಚೌಕಟ್ಟು ನೋಡಿ, "ಅತ್ತೆ, ಏನಾಯ್ತು?" ಅಂದಾಗ ನನ್ನ ಬಾಯಿಂದ ತಾನಾಗಿ ಬಂತು: "ಸುಗುಣಾ ಪೊರಕೆ ತಗುಲಿಸಿಬಿಟ್ಟಳು ಕಣಮ್ಮ." ಯಾರಿಗೂ ದನಿಯೆತ್ತದವಳು ನೀನು, ಅವತ್ತು ಪಾತ್ರೆ ತೊಳೆಯುತ್ತಿದ್ದ ಅವಳ ಮೇಲೆ ಕೂಗಿದೆ. ನಾಲ್ಕು ವರ್ಷ ಈ ಮನೆಯಲ್ಲಿ ಕೆಲಸ ಮಾಡಿದ ಹೆಂಗಸು ಒಂದೇ ಒಂದು ಸಲ ನನ್ನ ಮುಖ ನೋಡಿದಳು. ನಾನು ಒಲೆ ಮೇಲಿನ ಬೇಳೆ ನೋಡಿದೆ. ಅವಳು ಕೈ ಒರೆಸಿಕೊಂಡು ಹೋದವಳು ಮತ್ತೆ ಬರಲಿಲ್ಲ. ನೀನೂ ಬಾಲ್ಕನಿಗೆ ಹೋಗುವುದನ್ನು ಬಿಟ್ಟೆ.

ಆಮೇಲೆ ನಾನೇ ನಿನ್ನ ಗಿಡಗಳಿಗೆ ನೀರು ಹಾಕತೊಡಗಿದೆ. ಒಂದು ದಿನ ಕುಂಡದ ಹಿಂದೆ ನಿನ್ನ ನೋಟ್‌ಬುಕ್ ಸಿಕ್ಕಿತು. ಕೇಳದೆ ಓದಿದೆ, ಅದೂ ತಪ್ಪೇ. ಕೊನೆಯ ಪುಟದಲ್ಲಿ ನೀನು ಬರೆದಿದ್ದೆ: "ಒಂದನೇ ಕೋಣೆ, ಭಾನುವಾರ ಹೊರಗೆ ಬರಬಹುದು. ಅತ್ತೆಗೆ ತೋರಿಸಬೇಕು." ನಾನು ಕೋಲು ಎತ್ತಿದ್ದು ಗುರುವಾರ.

ಮೂರು ದಿನದ ಹಿಂದೆ, ಮೇ ತಿಂಗಳ ಈ ಕತ್ತರಿ ಬಿಸಿಲಿನಲ್ಲಿ, ರೈಲ್ವೆ ಸ್ಟೇಷನ್ ಹಿಂದಿನ ಓಣಿಗೆ ಸುಗುಣಾಳ ಮನೆ ಹುಡುಕಿಕೊಂಡು ಹೋದೆ. ಅವಳು ಕುರ್ಚಿ ಒರೆಸಿ ಕೂರಿಸಿ ನೀರು ಕೊಟ್ಟಳು. ನಾನು ಬಾಯಿ ಬಿಡುವ ಮೊದಲೇ, "ಎನಕ್ಕು ಅನ್ನಿಕ್ಕೇ ತೆರಿಯುಂಮಾ" ಅಂದಳು. ಅವಳಿಗೆ ಅವತ್ತೇ ಗೊತ್ತಿತ್ತಂತೆ. ಕೋಲಿನ ತುದಿಯಲ್ಲಿ ಮಣ್ಣು ಮೆತ್ತಿತ್ತಂತೆ, ಅವಳೇ ತೊಳೆದು ಮೂಲೆಗಿಟ್ಟಳಂತೆ. ಮತ್ತೆ ಯಾಕೆ ವಂದನಾಗೆ ಹೇಳಲಿಲ್ಲ ಎಂದು ಕೇಳಿದೆ. ನೀವು ಹೇಳಿದ ಮೇಲೆ ನನ್ನ ಮಾತು ಯಾರಮ್ಮಾ ನಂಬ್ತಾರೆ ಎಂದು ತನ್ನ ತಮಿಳಿನಲ್ಲೇ ಮೆಲ್ಲಗೆ ಅಂದಳು. ಕೈ ಹಿಡಿದು ಕ್ಷಮಿಸು ಅಂದೆ, ಕೆಲಸಕ್ಕೆ ಬಾ ಅಂದೆ. ಅದಕ್ಕೆ ಅವಳು, "ನೀಂಗ ಮೊದಲ್ಲ ಅವಂಗಕಿಟ್ಟ ಸೊಲ್ಲುಂಗ" ಅಂದಳು. ಮೊದಲು ನಿನ್ನ ಹತ್ತಿರ ಹೇಳಬೇಕಂತೆ. ನ್ಯಾಯವೇ ತಾನೇ?

ಹೇಳಿದ್ದೇನೆ. ನೀನು ನನ್ನನ್ನು ಕ್ಷಮಿಸುತ್ತೀಯೋ ಇಲ್ಲವೋ, ಸುಗುಣಾಳ ಹತ್ತಿರ ಒಮ್ಮೆ ಮಾತಾಡು. ನೀನು ಕೂಗಿದ್ದಕ್ಕೆ ಅವಳಿಗೆ ಕೋಪವಿಲ್ಲ, ನೀನು ನಂಬಿದೆಯಲ್ಲ ಎಂದು ನೋವಿದೆ. ನೆಂಟರ ಗ್ರೂಪಿನಿಂದ ಆ ಫೋಟೋ ಅಳಿಸಲು ಆಗಲಿಲ್ಲ, ಕಳಿಸಿ ಬಹಳ ದಿನ ಆಯಿತಂತೆ. ಅದಕ್ಕೇ ಅದರ ಕೆಳಗೆ, "ತಪ್ಪು ನನ್ನದು. ಇನ್ನು ಮೇಲೆ ನನ್ನ ಸೊಸೆಯನ್ನು ಈ ವಿಷಯ ಯಾರೂ ಕೇಳಬೇಡಿ" ಎಂದು ಬರೆದಿದ್ದೇನೆ. ಅತ್ತಿಗೆ ಮುನಿಸಿಕೊಂಡಿದ್ದಾಳೆ. ಮುನಿಸಿಕೊಳ್ಳಲಿ ಬಿಡು.

ಇನ್ನೊಂದು ವಿಷಯ. ನಿನ್ನ ಒಡಕು ತಟ್ಟೆಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಮತ್ತೆ ಕಲಸಿ ದಿನಾ ನೀರು ಚಿಮುಕಿಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಒಂದು ಕಣಜ ಬಂದು ಉಂಡೆ ಕಟ್ಟಿಕೊಂಡು ಹೋಯಿತು. ಇವತ್ತು ನೋಡಿದರೆ ಅದೇ ಚೌಕಟ್ಟಿನ ಮೇಲೆ, ಹಳೇ ಕಲೆಯ ಪಕ್ಕದಲ್ಲೇ ಒಂದು ಬಳೆಯಷ್ಟು ಮಣ್ಣು ಮೆತ್ತಿದೆ. ನಾನು ಯಾರಿಗೂ ಫೋನ್ ಮಾಡಿಲ್ಲ. ಕುಂಕುಮ ಹಚ್ಚಿಲ್ಲ. ಅದು ಅದರ ಮನೆ, ಅದರ ಮಕ್ಕಳು. ನಿನ್ನ ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಖು ಮಾತ್ರ ಬರೆದಿಟ್ಟಿದ್ದೇನೆ. ಉಳಿದದ್ದು ನೀನು ಬರೆಯಬೇಕು.

ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ನೀನು ಕಾಲಿಗೆ ಬಿದ್ದಾಗಲೆಲ್ಲ ನಾನು ಒಂದೇ ಆಶೀರ್ವಾದ ಮಾಡುತ್ತಿದ್ದೆ, ಬೇಗ ಮಡಿಲು ತುಂಬಲಿ ಎಂದು. ಪ್ರತಿಸಲ ನೀನು ತಲೆ ತಗ್ಗಿಸಿಕೊಂಡೇ ಏಳುತ್ತಿದ್ದೆ. ಇವತ್ತು ಅದನ್ನು ವಾಪಸು ತಗೊಳ್ಳುತ್ತೇನೆ.

ನೀನು ಚೆನ್ನಾಗಿರು ವಂದನಾ. ನೀನು ಚೆನ್ನಾಗಿದ್ದರೆ ಸಾಕು.

ತಲೆ ತಗ್ಗಿಸಿ,
ನಿನ್ನ ಅತ್ತೆ
ಕಲಾವತಿ