ಚನ್ನವೀರನ ಐದನೇ ಚಿತ್ರಗುಂಡಿಗೆ

ಗದಗ, ೨೧೯೪ನೇ ಇಸವಿ
ಶ್ರಾವಣದ ನಲವತ್ತೊಂದನೇ ದಿನ

ನೂರೆಪ್ಪತ್ತು ವರ್ಷ ಹಿಂದಿರುವ ಅಕ್ಕನವರಿಗೆ,

ಖರ್ಚು ಮೊದಲು, ಕ್ಷೇಮಸಮಾಚಾರ ಆಮೇಲೆ. ಏಳು ವರ್ಷದಲ್ಲಿ ಐದು ಚಿತ್ರಗುಂಡಿಗೆ, ಮೂರು ಪರದೆ, ಅಲುಗಾಡುವ ಕುರ್ಚಿ ಒಂದು, ಎರಡು ಮಳೆಗಾಲದ ಗಾಳಿಪಾಲು, ತವರಿನವರ ಮುಂದೆ ನನ್ನ ಮರ್ಯಾದೆ ಸ್ವಲ್ಪ. ಇಷ್ಟೂ ನನ್ನ ಗಂಡ ಚನ್ನವೀರನ ಆಟಕ್ಕೆ.

ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೀವು ಗ್ರಾಫಿಕ್ಸ್ ಕಾರ್ಡ್ ಎನ್ನುವುದು ನಮ್ಮ ಬಾಯಲ್ಲಿ ಚಿತ್ರಗುಂಡಿಗೆ, ಕಂಪ್ಯೂಟರಿನ ಚಿತ್ರಕ್ಕೆ ಜೀವ ಕೊಡುವ ಹೃದಯ. ಗಾಳಿಪಾಲು ಎಂದರೆ ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಮನೆಮನೆಗೆ ಬರುವ ಕರೆಂಟಿನ ಪಾಲು. ಉಳಿಸಿದರೆ ಮಾರಬಹುದು, ಒಲೆ ಕೊಳ್ಳಬಹುದು. ಇನ್ನು ತಾರೀಖು. ಮಳೆ ಬರುವ ತನಕ ಶ್ರಾವಣ ಮುಗಿಸಬಾರದೆಂಬುದು ಈಗ ನಮ್ಮೂರ ಪದ್ಧತಿ. ಹಬ್ಬದ ವ್ಯಾಪಾರಕ್ಕೆ ಒಳ್ಳೆಯದೇ, ನಾನು ತಕರಾರು ತೆಗೆದಿಲ್ಲ.

ನನ್ನದು ಖಾನಾವಳಿ. ಬಾಡಿಗೆಯ ಒಂದು ಒಲೆಯಿಂದ ಶುರುಮಾಡಿ, ರೊಟ್ಟಿ ಬಡಿದು ಬಡಿದೇ ಮೇಲೆ ಬಂದವಳು. ಎರಡು ಸ್ವಂತ ಒಲೆ ಮಾಡಿಕೊಳ್ಳುವಷ್ಟರಲ್ಲಿ ಎದುರಿಗೇ ನಾಲ್ಕು ಒಲೆಯ ಹೊಸ ಖಾನಾವಳಿ ಬಂತು. ಕಾಯಲಾರದವರು ಅತ್ತ ಹೋಗತೊಡಗಿದರು. ಮೂರನೇ ಒಲೆ ಬಾರದಿದ್ದರೆ ದೀಪಾವಳಿಗೆ ಬಾಗಿಲು ಹಾಕಬೇಕು, ಅಂಥ ಸ್ಥಿತಿ. ಅದಕ್ಕೆಂದು ಕೂಡಿಟ್ಟ ಗಾಳಿಪಾಲನ್ನು ಚನ್ನವೀರ ಐದನೇ ಚಿತ್ರಗುಂಡಿಗೆಗೆ ಕೊಟ್ಟು ಬಂದ.

ಅವನು ಆಡುವುದು ಲಾರಿ ಆಟ. ನಮ್ಮಲ್ಲಿ ಲಾರಿ ಇಲ್ಲ; ಸಾಮಾನೆಲ್ಲ ನೆಲದೊಳಗಿನ ಕೊಳವೆಯಲ್ಲಿ ಓಡುತ್ತದೆ. ಇವನು ಮಾತ್ರ ದಿನಾ ನಿಮ್ಮ ಕಾಲದ ರಸ್ತೆಯಲ್ಲಿ ಗದಗಿನಿಂದ ಹೊಸಪೇಟೆಗೆ ಉಳ್ಳಾಗಡ್ಡಿ ಒಯ್ಯುತ್ತಾನೆ. ಓಣಿಯ ತುದಿಯಿಂದ ಒಂದು ಸಿವುಡು ಕೊತ್ತಂಬರಿ ತಾ ಎಂದರೆ ಕಾಲು ನೋವು.

"ನಾಕನೇದಕ್ಕ ಏನಾಗಿತ್ತು?" ಎಂದೆ.

"ಅದರಾಗ ರಸ್ತಿ ಬಾಜೂಕಿನ ಸೂರ್ಯಕಾಂತಿ ಎಲ್ಲಾ ಒಮ್ಮೆಗೇ ತಲಿ ಅಲ್ಲಾಡಸ್ತಿದ್ವು ಸಾವಂತ್ರಿ, ಸಂಘದ ಸಭಾದಾಗ ಕೈ ಎತ್ತಿದಂಗ. ಇದರಾಗ ಒಂದೊಂದು ಹೂವಿಗೆ ಒಂದೊಂದು ಮನಸ್ಸು."

"ನನಗೂ ಒಂದು ಮನಸ್ಸೈತಿ. ಸೋಮವಾರ ಇದನ್ನ ವಾಪಸ್ ಕೊಟ್ಟು ಬಾ."

ನಡುವೆ ರವಿವಾರ ಬಂತು. ಮಧ್ಯಾಹ್ನ ಜನ ಕಾಯುತ್ತಿದ್ದರು. ನನ್ನ ಹಳೆಯ ಗಿರಾಕಿ ಫಕ್ಕೀರಜ್ಜ ಬೇಸತ್ತು ಎದುರಿನವರ ಕಡೆ ಹೊರಟವರು, ಒಳಕೋಣೆಯ ಪರದೆಯಲ್ಲಿ ಓಡುತ್ತಿದ್ದ ಲಾರಿ ಕಂಡು ಬಾಗಿಲಲ್ಲೇ ನಿಂತರು. ಅವರ ಹೆಗಲ ಮೇಲಿಂದ ಉಳಿದವರೂ ಇಣುಕಿದರು. ರೊಟ್ಟಿ ಆತು, ಬರ್ರಿ ಎಂದು ಕರೆದೆ.

"ತಡಿಯವಾ ತಂಗಿ," ಎಂದರು ಅಜ್ಜ, "ಕೊಪ್ಪಳ ದಾಟಲಿ."

ಅವತ್ತು ಎದುರಿನ ಖಾನಾವಳಿಗೆ ಒಬ್ಬರೂ ಹೋಗಲಿಲ್ಲ. ಸೋಮವಾರ ವಾಪಸಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನಡುವಿನ ಗೋಡೆ ಒಡೆಸಿದೆ, ಬೆಂಚು ಹಾಕಿಸಿದೆ, ಬೆಂಚಿನವರಿಗೆ ಮಜ್ಜಿಗೆ ಮಾರಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಬುದ್ಧಿವಂತಳಾಗಿ ಉಳಿಯುತ್ತಿದ್ದೆ. ಗಿರಾಕಿಗೆ ಬಡಿಸುವುದನ್ನು ರುಚಿ ನೋಡಿರಬೇಕಲ್ಲ ಎಂದುಕೊಂಡು, ಒಂದು ದಿನ ನಾನೇ ಲಾರಿಯಂತೆ ಅಲುಗಾಡುವ ಆ ಕುರ್ಚಿಯಲ್ಲಿ ಕೂತೆ. ಬನ್ನಿಕೊಪ್ಪದ ಹತ್ತಿರ ರಸ್ತೆ ಬದಿಗೆ ಒಂದು ಖಾನಾವಳಿ. ಅದರ ಹೊಗೆ ಕಂಬದಂತೆ ನೆಟ್ಟಗೆ ನಿಂತಿತ್ತು.

"ಇದು ಸುಳ್ಳು," ಎಂದೆ. "ಹೂವೆಲ್ಲ ಗಾಳಿಗೆ ಅತ್ತ ಬಾಗ್ಯಾವ, ಹೊಗಿ ಮಾತ್ರ ನೆಟ್ಟಗ ಐತಿ. ಒಲಿ ಮುಂದ ಕೂತಾಕಿಗೆ ಗೊತ್ತಾಗಂಗಿಲ್ಲೇನು?"

ಚನ್ನವೀರ ಬಹಳ ಮೆತ್ತಗೆ ಹೇಳಿದ. "ಅದಕ್ಕ ಆರನೇದು ಬೇಕಾಗ್ತದ."

ಆರನೇದನ್ನು ತರಿಸಿದವಳು ನಾನು.

ಅಕ್ಕಾ, ನಿಮ್ಮ ಯಜಮಾನರೂ ಈಗ ಪಕ್ಕದಲ್ಲೇ ಹೊಸ ಕಾರ್ಡಿನ ಬೆಲೆ ನೋಡುತ್ತ ಕೂತಿರಬಹುದು. ಬೈಯಿರಿ, ಚೌಕಾಸಿ ಮಾಡಿರಿ, ಹಳೆಯದನ್ನು ಮಾರಿಸಿರಿ. ಆ ಕುರ್ಚಿಯಲ್ಲಿ ಮಾತ್ರ ಒಮ್ಮೆಯೂ ಕೂರಬೇಡಿರಿ.

ಕೊನೆಗೆ ಯಾರಿಗೆ ಏನು ಸಿಕ್ಕಿತೆಂದು ಹೇಳಿ ಮುಗಿಸುತ್ತೇನೆ. ಎದುರಿನವರಿಗೆ ನಾಲ್ಕು ಒಲೆ, ಐದು ಗಿರಾಕಿ. ಫಕ್ಕೀರಜ್ಜನಿಗೆ ಬೆಂಚಿನ ಮುಂದಿನ ತುದಿ. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ನನಗೆ ಮಜ್ಜಿಗೆಯ ದುಡ್ಡಿನ ಮೂರನೇ ಒಲೆ, ಗಾಳಿಗೆ ಬಾಗುವ ಹೊಗೆ, ಡ್ರೈವರ್ ಸೀಟು. ಚನ್ನವೀರನಿಗೆ ದಿನಾ ಬೆಳಿಗ್ಗೆ ಕೊತ್ತಂಬರಿ ತರುವ ಕೆಲಸ.