ಬೀಗರ ರಿಪೇರಿ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬೀ,

ನಿನ್ನ ಪತ್ರ ಬಂತು. ಬೋರ್ಡ್ ಬರೆಯುವ ಕೆಲಸ ಸಾಕು, ಅಂಗಡಿ ಮುಚ್ಚಿ ಅಪ್ಪನ ಜೊತೆ ನನ್ನ ಮನೆಗೆ ಬಂದುಬಿಡು ಅಂತ ಬರೆದಿದ್ದೀಯ. ನಾನು ಬರೆದ ಆ ಬೋರ್ಡಿನ ಫೋಟೋ ನಿನ್ನ ಅತ್ತೆಯವರೆಗೂ ಹೋಯಿತಂತೆ. ಅವರು ನಕ್ಕರೋ ಮುನಿಸಿಕೊಂಡರೋ ನೀನು ತಿಳಿಸಿಲ್ಲ. ಬೀಗರಾದವರು ಸ್ವಲ್ಪ ಮುನಿಸಿಕೊಂಡರೂ ತಪ್ಪಿಲ್ಲ ಬಿಡು. ಆದರೆ ನಡೆದದ್ದನ್ನು ಪೂರ್ತಿ ಕೇಳು, ಆಮೇಲೆ ಕರಿ.

ತಲೆಸುತ್ತು ಶುರುವಾಗಿ ಎರಡು ವರ್ಷದ ಮೇಲಾಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಒಮ್ಮೆ ಬಿಸಿಲು ಅಂದೆ, ಒಮ್ಮೆ ನಿದ್ದೆ ಸಾಲದು ಅಂದೆ. ಮನೆ ಗಿರಗಿರ ತಿರುಗುವಂಥ ಸುತ್ತಲ್ಲ ಅದು. ಕಾಲ ಕೆಳಗಿನ ನೆಲ ದೋಣಿಯ ಹಾಗೆ ತೂಗಾಡುತ್ತಿತ್ತು. ಮೆಡಿಕಲ್ ಶಾಪಿನವನು ಒಂದು ಮಾತ್ರೆ ಕೊಟ್ಟ. ನುಂಗಿದರೆ ತೂಗಾಟ ತಗ್ಗುತ್ತಿತ್ತು, ಹಾಗಾಗಿ ನುಂಗುತ್ತಲೇ ಹೋದೆ. ಮಾರ್ಕೆಟ್ಟಿನಲ್ಲಿ ಜನ ಅತ್ತಿತ್ತ ಓಡಾಡುವುದನ್ನು ನೋಡಿದರೆ ತಲೆ ತೇಲುತ್ತಿತ್ತು, ಅಲ್ಲಿಗೆ ಹೋಗುವುದು ಬಿಟ್ಟೆ. ಗೆಳತಿಯರ ಮನೆ ಬಿಟ್ಟೆ. ಮಾತಾಡಲು ಜನವಿಲ್ಲದೆ ಹೋದಮೇಲೆ ಮಾತೂ ಕೈಕೊಡತೊಡಗಿತು. ಒಂದು ದಿನ ಅಪ್ಪನ ಹತ್ತಿರ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಕೇಳಬೇಕು, ಹೆಸರೇ ಬಾಯಿಗೆ ಬರಲಿಲ್ಲ. ನಲವತ್ತು ವರ್ಷ ಅದರ ವಾಸನೆಯಲ್ಲೇ ಬದುಕಿದವಳು! ‘ಅದು, ಅದು’ ಅಂತ ಕೈ ಆಡಿಸಿದೆ. ಅಪ್ಪ ಡಬ್ಬ ತಂದಿಟ್ಟು ಹೋದರು. ಯಾವುದಕ್ಕೂ ಕಾಲೆಳೆಯದೆ ಬಿಡದ ಮನುಷ್ಯ ಅವತ್ತು ಸುಮ್ಮನಿದ್ದರಲ್ಲ, ಅದು ನನಗೆ ಹೆದರಿಕೆ ಹುಟ್ಟಿಸಿತು.

ಆಮೇಲೆ ಬೀಗದವನ ಬೋರ್ಡು. ಏಣಿಯ ಮೇಲೆ ನಿಂತು ‘ಬೀಗ ರಿಪೇರಿ’ ಅಂತ ಬರೆಯಬೇಕಿತ್ತು. ಒಂದು ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಅವುಚಿಕೊಂಡಿದ್ದೆ, ಗಮನವೆಲ್ಲ ಬೀಳದೆ ನಿಲ್ಲುವುದರಲ್ಲೇ ಇತ್ತು. ಬರೆಯುವ ಕೈ ‘ಗ’ ಆದಮೇಲೆ ಒಂದು ‘ರ’ ಬರೆದು, ಅಲ್ಲಿಂದ ಮತ್ತೆ ‘ರಿಪೇರಿ’ ಶುರುಮಾಡಿತು. ಕೆಳಗೆ ಜನ ಸೇರಿ ನಗುತ್ತಿದ್ದರು. ಬೀಗದವನು ಕೈಮುಗಿದು, ಅಮ್ಮಾ, ನಮ್ಮ ಬೀಗರನ್ನ ರಿಪೇರಿ ಮಾಡೋದು ನನ್ನ ಕೈಲಾಗಲ್ಲ ಅಂದ. ನಾನು ಇಳಿದು, ರಸ್ತೆಯ ಆ ಬದಿಗೆ ಹೋಗಿ ನೋಡಿದೆ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆದರೆ ಗುಬ್ಬೀ, ನನಗೆ ತಪ್ಪು ಕಂಡಿರಲಿಲ್ಲ. ಅವನು ಏಣಿ ಹತ್ತಿ ಆ ‘ರ’ದ ಮೇಲೆ ಬೆರಳಿಟ್ಟು ತೋರಿಸಿದ ಮೇಲೂ ತುಸು ಹೊತ್ತು ಬೇಕಾಯಿತು.

ಮರುದಿನವೇ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಕೆಟ್ಟಿರುವುದು ತಲೆ, ಕಿವಿ ಯಾಕೆ ನೋಡ್ತೀರಿ ಅಂತ ನಾನು ಆಕೆಯ ಮೇಲೇ ರೇಗಿದೆ. ಆಕೆ ನನ್ನ ತಲೆಯನ್ನು ಥಟ್ಟನೆ ಅತ್ತ ಇತ್ತ ತಿರುಗಿಸಿ ಕಣ್ಣು ನೋಡಿದರು. ಕಿವಿಯೊಳಗೆ ನಮ್ಮನ್ನು ಆಯ ತಪ್ಪದಂತೆ ಹಿಡಿಯುವ ಭಾಗ ಎರಡೂ ಕಡೆ ಸೊರಗಿದೆಯಂತೆ. ಬರೀ ನಿಂತ್ಕೊಳ್ಳೋದಕ್ಕೇ ನಿಮ್ಮ ಮಿದುಳು ಇಷ್ಟು ದುಡೀತಿದ್ರೆ ಅಕ್ಷರ ನೋಡೋಕೆ ಅದಕ್ಕೆ ಪುರುಸೊತ್ತೆಲ್ಲಿ ಅಂತ ಕೇಳಿದರು. ಆ ಮಾತ್ರೆ ನಾಲ್ಕು ದಿನದ ಮಟ್ಟಿಗೆ ಸರಿ, ವರ್ಷಗಟ್ಟಲೆ ನುಂಗಿದರೆ ವಯಸ್ಸಾದವರ ತಲೆಗೆ ಮಂಕು ಕವಿಯುತ್ತದೆ ಅಂತಲೂ ಬೈದು ಬಿಡಿಸಿದರು.

ಔಷಧಿಯ ಬದಲು ಕಸರತ್ತು ಕೊಟ್ಟರು. ಗೋಡೆಯ ಮೇಲಿನ ಒಂದು ಅಕ್ಷರದಿಂದ ಕಣ್ಣು ಕೀಳದೆ ತಲೆ ಆಡಿಸಬೇಕು, ಮೆತ್ತನೆಯ ದಿಂಬಿನ ಮೇಲೆ ನಿಲ್ಲಬೇಕು, ಅತ್ತಿತ್ತ ನೋಡುತ್ತ ನಡೆಯಬೇಕು. ಅವರು ಕೊಟ್ಟ ಕಾಗದದಲ್ಲಿದ್ದ ಅಕ್ಷರಕ್ಕೆ ರೂಪವೇ ಇರಲಿಲ್ಲ. ನಾನೇ ದಪ್ಪಗೆ ಒಂದು ‘ಕ’ ಬರೆದು ಅಂಟಿಸಿಕೊಂಡೆ. ಮೊದಮೊದಲು ವಾಕರಿಕೆ ಬಂದು, ಇದೆಲ್ಲ ಬೇಡ ಅಂತ ಅಪ್ಪನ ಮೇಲೆ ಕೂಗಾಡಿದೆ. ಅವರು ಮಾತ್ರ ನನ್ನ ಹಿಂದೆ ಎರಡೂ ಕೈ ಅಗಲಿಸಿ ಗೋಲ್ ಕೀಪರನ ಹಾಗೆ ನಿಂತೇ ಇದ್ದರು.

ಈಗ ನೆಲ ನೆಲವಾಗಿದೆ. ಮಾರ್ಕೆಟ್ಟಿಗೆ ಯಾರ ಕೈಯನ್ನೂ ಹಿಡಿಯದೆ ಹೋಗಿಬರುತ್ತೇನೆ. ತರಕಾರಿಯವಳ ಜೊತೆ ಜಗಳವಾಡುವಷ್ಟು ಮಾತು ಮರಳಿದೆ. ಏಣಿ ಮಾತ್ರ ಇನ್ನು ಹತ್ತುವುದಿಲ್ಲ, ಅದನ್ನು ಯಾರೂ ಹೇಳದೆ ನಾನೇ ನಿರ್ಧರಿಸಿದೆ. ಮೇಜಿನ ಮೇಲೆ ಇಟ್ಟು ಬರೆಯುವಷ್ಟು ಬೋರ್ಡು ಸಾಕು. ಸೀಮೆಸುಣ್ಣದಲ್ಲಿ ಗೆರೆ ಹಾಕಿದ ಮೇಲೆ ಅಪ್ಪ ಒಂದೊಂದೇ ಅಕ್ಷರವನ್ನು ಮೇಷ್ಟರ ಗತ್ತಿನಲ್ಲಿ ಓದುತ್ತಾರೆ, ಆಮೇಲೇ ಬಣ್ಣ. ಬೀಗದವನ ಬೋರ್ಡನ್ನೂ ಇಳಿಸಿ ತರಿಸಿ ತಿದ್ದಿದೆ. ಇರಲಿ ಬಿಡೀಮ್ಮಾ, ಜನ ಅದನ್ನ ನೋಡೋಕೇ ಬರ್ತಾರೆ ಅಂತ ಅವನು ಗೋಗರೆದ. ನಾನು ಕೇಳಲಿಲ್ಲ.

ಹಾಗಾಗಿ ಮಗಳೇ, ಅಂಗಡಿ ಮುಚ್ಚುವುದಿಲ್ಲ. ನಿನ್ನ ಮನೆಗೆ ಬಂದರೆ ನೆಂಟಳಾಗಿ ಬಂದು, ಉಂಡು, ನಿನ್ನ ಅಡುಗೆಗೆ ಹೆಸರಿಟ್ಟು ವಾಪಸಾಗುತ್ತೇನೆ. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು.

ಗಟ್ಟಿಮುಟ್ಟಾಗಿ ನಿಂತಿರುವ,
ನಿನ್ನ ಅಮ್ಮ

ತಾ.ಕ.: ಮುಂದಿನ ತಿಂಗಳು ನನಗೆ ನೆನಪಿನ ಪರೀಕ್ಷೆ ಇನ್ನೊಮ್ಮೆ ಇದೆ. ಮೊದಲ ಸಲ ಕೊರತೆ ಕಂಡಿತ್ತು. ಮಾತ್ರೆಯ ಮಂಕು ಹರಿದರೂ ಆ ಕೊರತೆಯಲ್ಲಿ ಒಂದಿಷ್ಟು ಉಳಿಯಬಹುದು, ಬೆಳೆಯಲೂಬಹುದು ಅಂತ ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. ಆ ಮೊದಲ ಪರೀಕ್ಷೆಯಲ್ಲಿ ನಾನು ಪದಕ್ಕೆ ತಡಕಾಡಿದಾಗ ಅಪ್ಪ ಹಿಂದಿನಿಂದ ಪಿಸುಗುಟ್ಟಿ ಉತ್ತರ ಹೇಳಿಕೊಟ್ಟರು. ಡಾಕ್ಟರು ಅವರನ್ನು ಹೊರಗೆ ಕಳಿಸಿದರು. ಮುಗಿಸಿ ಬಂದು ನೋಡಿದರೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಆ ಕೋಣೆಗೆ ನಾನೊಬ್ಬಳೇ ಹೋಗಬಲ್ಲೆ. ನೀನು ಬಂದು ಹೊರಗೆ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂರಬೇಕು.