ಏಳನೇ ಪೆಟ್ಟಿಗೆಯ ಕಪ್ಪು ಚೀಲಗಳು

ಹುಡುಗಿಯರ ಹಾಸ್ಟೆಲ್, ಬಟ್ಟೆ ಒಗೆಯುವ ಕೋಣೆ
ಹಾರ್ಟ್‌ವೆಲ್
ಜನವರಿ 15, ಬುಧವಾರ

ಪ್ರೀತಿಯ ಅಪ್ಪ,

ಹೇಗಿದ್ದೀಯ? ಮೊಣಕಾಲಿಗೆ ಶಾಖ ಕೊಡ್ತಾ ಇದ್ದೀಯೋ, ಇಲ್ಲ ಕೆಲಸದ ನೆಪದಲ್ಲಿ ಮರೆತೆಯೋ? ಭಾನುವಾರದ ಕಾಗದ ಬುಧವಾರ ಬರೆಯುತ್ತಿದ್ದೇನೆ. ಬೋರ್ಡಿಂಗ್ ಶಾಲೆಯ ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ ನಾನು. ಈ ಸಲ ಮೂರು ಸಾರಿ ಬರೆದು ಮೂರು ಸಾರಿ ಹರಿದೆ. ಬೈಯಬೇಡ. ಶುಕ್ರವಾರ ರಸಾಯನಶಾಸ್ತ್ರದ ಟೆಸ್ಟ್ ಇದೆ, ಅದರ ಭಯ ಒಂದು ಕಡೆ. ಇನ್ನೊಂದು ಕಡೆ, ನೀನೇ ಹೇಳಿಹೋದ ಕೆಲಸ: "ಪಂದ್ಯ ಹೇಗಿತ್ತು ಅಂತ ಬರಿ ಟಿಲ್ಡಾ, ನಾನೆಲ್ಲಿ ನೋಡಿದೆ?"

ನಿಜ. ಇಪ್ಪತ್ತೊಂಬತ್ತು ವರ್ಷದಿಂದ ಪೋರ್ಟ್ ಕಾರ್ವರ್ ಟಗ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವವನು ನೀನು, ಒಂದು ಪಂದ್ಯವನ್ನೂ ನೋಡಿದವನಲ್ಲ. ಮೈದಾನದ ಅಂಚಲ್ಲೇ ನಿಂತಿರುತ್ತೀಯ, ಕಣ್ಣು ಮಾತ್ರ ಯಾರ ಬೂಟಿನಡಿಯ ಹಿಡಿತದ ಮೊಳೆ ಸವೆದಿದೆ, ಯಾರ ಹೆಲ್ಮೆಟ್ಟಿನ ಪಟ್ಟಿ ಸಡಿಲಾಗಿದೆ ಅನ್ನುವುದರ ಮೇಲೆ. ಹಾಗಾಗಿ ನೀನು ಗೆದ್ದ ಪಂದ್ಯವನ್ನು ನಿನಗೇ ಬರೆಯುತ್ತಿದ್ದೇನೆ.

ಒಗೆಯುವ ಕೋಣೆಯಲ್ಲಿ ಕೂತು ಬರೆಯೋದು ಯಾಕೆ ಗೊತ್ತಾ? ಇಲ್ಲಿ ನಿನ್ನ ಜಾಕೆಟ್ಟಿನ ವಾಸನೆ ಇದೆ. ಬಿಸಿ ಬಟ್ಟೆ, ಸೋಪು. ಕಾಲೇಜಿಗೆ ಬಂದು ಐದು ತಿಂಗಳಾಯಿತು, ನನಗೆ ಭಯವಾಗದ ಜಾಗ ಇದೊಂದೇ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ರೀಡಾಂಗಣದ ಹಿಂದಿನ ಗೇಟಿಗೆ ಬಂದೆನಲ್ಲ, ನೀನು ಟಿಕೆಟ್ ಕೊಡಲು ಹೊರಗೆ ಬಂದೆ. ನಕ್ಕೆ, ಆದರೆ ಮುಖ ಬಿಳಿಚಿಕೊಂಡಿತ್ತು. "ಎಡವಟ್ಟು ಮಾಡ್ಕೊಂಡೆ ಕಣೇ. ಏಳನೇ ಪೆಟ್ಟಿಗೆ ತೆಗೆದ್ರೆ ಮೇಲ್ಗಡೇನೇ ಕಪ್ಪು ಚೀಲದ ಸುರುಳಿ! ಹುಡುಗರೆಲ್ಲ ನೋಡಿಬಿಟ್ರು."

ಬೇರೆ ಯಾರಿಗಾದರೂ ಹೇಳಿದರೆ ನಗುತ್ತಾರೆ. ಕಸದ ಚೀಲ ಕಂಡರೆ ಏನೀಗ, ಅಂತ. ನಮಗೆ ಗೊತ್ತು. ಆ ವರ್ಷದ ಕೊನೆಯ ಪಂದ್ಯ ಸೋತ ಮಾರನೇ ದಿನ ಆಟಗಾರರೆಲ್ಲ ಬಂದು, ನೀನು ಇಟ್ಟ ಕಪ್ಪು ಚೀಲದಲ್ಲಿ ತಮ್ಮ ತಮ್ಮ ಬಟ್ಟೆಗೂಡು ಖಾಲಿ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಆ ಚೀಲ ಕಾಣಿಸುವುದು ಆ ಒಂದು ದಿನ ಮಾತ್ರ. ಅದನ್ನು ಪಂದ್ಯದ ಬೆಳಿಗ್ಗೆ ತೋರಿಸುವುದೆಂದರೆ, ಮದುವೆ ಮನೆಗೆ ಚಟ್ಟದ ಬಿದಿರು ಹೊತ್ತು ಹೋದ ಹಾಗೆ.

"ಹ್ಯಾಲೊರನ್ ಸಾಹೇಬ್ರು ಏನಂದ್ರು?" ಅಂತ ಕೇಳಿದೆ.

"ಮ್ಯಾನೇಜರ್ ಅಲ್ವಾ, ಸುಮ್ನೆ ಬಿಡ್ತಾರಾ? 'ಪ್ಲೆಸ್ಕೋ, ಇವತ್ತು ಸೋತ್ರೆ ಒಂದು ಚೀಲ ನಿನಗೂ ಇಟ್ಕೋ' ಅಂದ್ರು." ಮತ್ತೆ ನಕ್ಕೆ. "ಹೋಗ್ಲಿ ಬಿಡು. ಟೋಪಿ ಹಾಕ್ಕೋ, ಆಲಿಕಲ್ಲು ಬೀಳ್ತಿದೆ."

ನಾನು ಏನೋ ಹೇಳಬೇಕು ಅಂತ ಬಾಯಿ ತೆಗೆದೆ. ನೀನು ಆಗಲೇ ಒಳಗೆ ಓಡಿದ್ದೆ, ಒಂದು ಕಾಲು ಎಳೆಯುತ್ತಾ.

ಹೀಗಾಗಿ ಅಷ್ಟೂ ಹೊತ್ತು ನಾನು ನೋಡಿದ್ದು ಪಂದ್ಯವನ್ನಲ್ಲ, ನಿನ್ನ ಕೆಲಸವನ್ನು. ಇವರು ಸೋತರೆ ಅಪ್ಪ ಮನೆಗೆ. ಸೋಲುತ್ತಾರೆ ಅನ್ನುವುದರಲ್ಲಿ ಅಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಎದುರಾಳಿ, ಇಲ್ಲಿನ ಮೊನಾರ್ಕ್ಸ್ ತಂಡ, ಈ ವರ್ಷ ಹದಿನಾಲ್ಕು ಪಂದ್ಯ ಗೆದ್ದವರು. ನಾವು ಒಂಬತ್ತು ಗೆದ್ದು ಎಂಟು ಸೋತು, ಹಿಂದಿನ ಭಾನುವಾರ ಸಂಜೆ ಇನ್ಯಾರೋ ಸೋತಿದ್ದರಿಂದ ಕೊನೆಯವರಾಗಿ ನಾಕೌಟ್ ಸುತ್ತಿನೊಳಗೆ ನುಸುಳಿದವರು. ಹನ್ನೊಂದು ವರ್ಷದ ಮೇಲೆ!

ನನ್ನ ಪಕ್ಕ ಕೂತಿದ್ದು ರೂಮಿನ ಜೊತೆಗಾತಿ ಮಾರ್ಲೀಸ್, ಮೊನಾರ್ಕ್ಸ್ ಭಕ್ತೆ. ನೇರಳೆ ಟೋಪಿ, ನೇರಳೆ ಕೆನ್ನೆ, ಉಗುರು ಕೂಡ ನೇರಳೆ. ನನ್ನ ತುಕ್ಕುಬಣ್ಣದ ಟಗ್ಸ್ ಶಾಲು ನೋಡಿ, "ಅಯ್ಯೋ ಪಾಪ, ನಿಮ್ಮೋರು ಬಂದ ಬಸ್ಸಿನ ಇಂಜಿನ್ ಆರಿಸಿದ್ದಾರಾ, ಇಲ್ವಾ? ಹಾಗೇ ಇಟ್ಟಿರೋಕೆ ಹೇಳು, ಅರ್ಧ ಗಂಟೇಲಿ ಹೊರಡಬಹುದು" ಅಂದಳು. ಹಿಂದಿನ ಸಾಲಿನ ಮುದುಕರೊಬ್ಬರು ನನಗೆ ಬಿಸಿ ಸೂಪ್ ಕೊಟ್ಟು, "ಕುಡಿ ಮಗೂ, ದುಃಖಕ್ಕೆ ಒಳ್ಳೇದು" ಅಂದರು. ಶುರುವಾಗುವ ಮೊದಲೇ!

ಟಗ್ಸ್ ಓಡಿಬಂದಾಗ ಎಲ್ಲರ ಎದೆ ಉಬ್ಬಿದ ಹಾಗೆ, ನಡೆದರೆ ಚರಚರ ಸದ್ದು ಬರುವ ಹಾಗೆ ಕಾಣಿಸಿತು. ನನಗೆ ಅರ್ಥವಾಗಲಿಲ್ಲ. ಆಮೇಲೆ ಬರ್ನೆಲ್ ಹೇಳಿದ್ದು. ಅವನು ನಿನಗೆ ತಂಡದ ಮುಂಚೂಣಿ ಆಟಗಾರ, ನನಗೆ ಬಾಗಿಲಲ್ಲಿ ಬಗ್ಗಿ ಬರುವ ಬರ್ನೆಲ್ ಅಣ್ಣ. ಚೀಲ ಕಂಡಾಗ ಅವನೇ ಮೊದಲು ಅಂದನಂತೆ, "ಏನ್ ಮುದುಕಪ್ಪಾ, ನಮ್ಮ ಹೆಣ ಕಟ್ಟೋಕೆ ಬಟ್ಟೇನ ಊರಿಂದಾನೇ ತಂದಿದ್ದೀಯಾ?" ನೀನು, "ತಪ್ಪಾಯ್ತಪ್ಪ, ಕೊಡು ಇಲ್ಲಿ" ಅಂತ ಸುರುಳಿಗೆ ಕೈ ಚಾಚಿದೆಯಂತೆ. ಹೊರಗೆ ಆಲಿಕಲ್ಲು ಮಳೆ ಬೀಳುವುದನ್ನು ಅವನು ಒಂದು ಸಲ ನೋಡಿದನಂತೆ. ನಿನ್ನ ಕೈಯಿಂದಲೇ ಒಂದು ಚೀಲ ಕಿತ್ತುಕೊಂಡು, ತಲೆಗೊಂದು ಕೈಗೆರಡು ತೂತು ಮಾಡಿ, ಜರ್ಸಿಯ ಒಳಗೆ ತೊಟ್ಟುಬಿಟ್ಟನಂತೆ. "ಇದು ನಾಳೆ ತುಂಬ್ಕೊಳ್ಳೋದಲ್ವಾ? ನಾನು ಇವತ್ತೇ ಹಾಕ್ಕೊಂಡೆ. ಬೆಚ್ಚಗಿದೆ ಕಣ್ರೋ!" ಐದು ನಿಮಿಷದಲ್ಲಿ ಸುರುಳಿ ಖಾಲಿ.

ಮೊದಲ ಅರ್ಧ ಹದಿಮೂರು ಮೂರು. ಅವರು ಹದಿಮೂರು. ಮೊನಾರ್ಕ್ಸ್ ಬಟ್ಟೆ ನೀರು ಕುಡಿದು ಒಂದೊಂದು ಮಣ ಭಾರವಾಗುತ್ತಿತ್ತು, ನಮ್ಮವರು ಒಣಗಿದ್ದರು, ಆದರೂ ಎಲ್ಲರೂ ಜಾರಿ ಜಾರಿ ಬೀಳುತ್ತಿದ್ದರು. ಅರ್ಧ ವಿರಾಮದಲ್ಲಿ ನೀನು ಏನು ಮಾಡಿದೆ ಅಂತ ಬರ್ನೆಲ್ ಬಾಯಿಂದ ಕೇಳಿಯೇ ನಂಬಿದೆ. ಹನ್ನೆರಡು ನಿಮಿಷದಲ್ಲಿ ಹನ್ನೊಂದು ಜೊತೆ ಬೂಟಿನ ಗಿಡ್ಡ ಮೊಳೆ ಬಿಚ್ಚಿ ಉದ್ದ ಮೊಳೆ ತಿರುಗಿಸಿದೆಯಂತೆ, ಆ ಮೊಣಕಾಲು ಊರಿಕೊಂಡು. ಇಬ್ಬರು ಸಹಾಯಕರು ಬೂಟು ಎಸೆಯುವುದು, ನೀನು ತಿರುಗಿಸುವುದು. "ನಿಮ್ಮಪ್ಪ ಬಾಯಲ್ಲಿ ಮೊಳೆ ತುಂಬ್ಕೊಂಡಿದ್ದ, ಇಲ್ಲಾಂದ್ರೆ ನಮಗೆಲ್ಲ ಬೈದಿರೋನು" ಅಂದ.

ಎರಡನೇ ಅರ್ಧದಲ್ಲಿ ಟಗ್ಸ್ ನೆಲ ಕಚ್ಚಿ ಓಡಿದರು ಅಪ್ಪ. ಅದನ್ನು ನೀನು ನೋಡಬೇಕಿತ್ತು. ಹದಿಮೂರು ಹತ್ತು. ಹದಿನಾರು ಹತ್ತು. ಮಾರ್ಲೀಸ್ ಉಗುರಿನ ನೇರಳೆ ಬಣ್ಣ ಹಲ್ಲಿಗೆ ಬಂದಿತ್ತು. ಕೊನೆಗೆ ಎರಡು ನಿಮಿಷ ಉಳಿದು, ನಮ್ಮ ನಾಲ್ಕನೇ, ಅಂದರೆ ಕೊನೆಯ ಯತ್ನ, ಗೆರೆಗೆ ಹನ್ನೊಂದು ಗಜ. ಅಲ್ಲಿ ತಪ್ಪಿದರೆ ಮುಗಿಯಿತು. ಚೆಂಡು ಎಮ್ಮೆಟ್ ರೂಡ್ ಕೈಯಲ್ಲಿ. ಅವನು ಚೆಂಡು ಎಸೆಯುವವರಲ್ಲಿ ಮೂರನೆಯವ, ಮೊದಲಿಬ್ಬರಿಗೂ ಭುಜ ಮುರಿದಿದ್ದರಿಂದ ಆಡುತ್ತಿದ್ದವ, ನವೆಂಬರಿನವರೆಗೆ ಯಾರೂ ಹೆಸರು ಕೇಳಿರಲಿಲ್ಲ. ಎಸೆಯಲು ಯಾರೂ ಸಿಗಲಿಲ್ಲ. ಮೊನಾರ್ಕ್ಸ್ ದೈತ್ಯನೊಬ್ಬ ಎದುರಿಗೇ ಬಂದ. ರೂಡ್ ಎಡಕ್ಕೆ ಕಾಲಿಟ್ಟ, ಬಲಕ್ಕೆ ತಿರುಗಿದ. ಆ ದೈತ್ಯನೂ ತಿರುಗಿದ. ಅವನ ಕಾಲು ಜಾರಿತು. ರೂಡ್ ಕಾಲು ಜಾರಲಿಲ್ಲ.

ಅಷ್ಟೇ ಅಪ್ಪ. ಒಂದು ಕಾಲು ಜಾರಿತು, ಒಂದು ಕಾಲು ಜಾರಲಿಲ್ಲ. ಅರವತ್ತು ಸಾವಿರ ಜನ ರೂಡ್ ಮುಖ ನೋಡುತ್ತಿದ್ದರು. ನಾನೊಬ್ಬಳೇ ಅವನ ಬೂಟು ನೋಡುತ್ತಿದ್ದೆ, ನಿನ್ನ ಹಾಗೆ. ಆ ಮೊಳೆ ನೆಲಕ್ಕೆ ಕಚ್ಚಿದ್ದನ್ನು ಕಂಡೆ ಅಂತ ಆಣೆ ಮಾಡಿ ಹೇಳುತ್ತೇನೆ. ಅವನು ಮೂಲೆಗೆ ಓಡಿ ಗೆರೆ ದಾಟಿ ಬಿದ್ದ. ಆರು ಅಂಕ. ಚೆಂಡು ಒದ್ದು ಇನ್ನೊಂದು. ಹದಿನೇಳು ಹದಿನಾರು!

ಮುಗಿದಿರಲಿಲ್ಲ. ಕೊನೆಯ ನಾಲ್ಕು ಸೆಕೆಂಡಿಗೆ ಅವರು ನಲವತ್ತಾರು ಗಜದಿಂದ ಕಂಬಗಳ ನಡುವೆ ಒದೆಯಲು ನಿಂತರು. ಬಿದ್ದರೆ ಮೂರು ಅಂಕ, ನಿನ್ನ ಕೈಗೆ ಒಂದು ಚೀಲ. ನಾನು ಕಣ್ಣು ಮುಚ್ಚಿಕೊಂಡೆ. ಧಪ್ ಅಂತ ಸದ್ದಾಯಿತು, ಅದು ಒದ್ದ ಸದ್ದಲ್ಲ. ಕಣ್ಣು ಬಿಟ್ಟರೆ ಚೆಂಡು ನೆಲದ ಮೇಲೆ ಉರುಳುತ್ತಿತ್ತು. ಬರ್ನೆಲ್ ಅಣ್ಣ ಚೆಂಡು ತಡೆದ ಎರಡೂ ಕೈ ಮೇಲೆತ್ತಿ ನಿಂತಿದ್ದ. ಅವನ ಜರ್ಸಿ ಹರಿದು, ಕುತ್ತಿಗೆಯ ಹತ್ತಿರ ಕಪ್ಪು ಚೀಲದ ಚೂರು ಬಾವುಟದ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಆ ಹೊತ್ತಿಗೆ ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಕಿರುಚುತ್ತಿದ್ದವಳು ನಾನೊಬ್ಬಳೇ. ನಾನು! ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದವಳು. "ಅದು ನಮ್ಮಪ್ಪನ ಮೊಳೆ! ನಮ್ಮಪ್ಪನ ಮೊಳೆ!" ಅಂತ ಬೆಂಚಿನ ಮೇಲೆ ನಿಂತು ಕೂಗಿದೆನಂತೆ. ಮಾರ್ಲೀಸ್ ಹೇಳಿದಳು. "ಹುಚ್ಚಿ, ಕೆಳಗಿಳಿ" ಅಂತ ಎಳೆದು, ಆಮೇಲೆ ತಬ್ಬಿಕೊಂಡು, "ನಿಮ್ಮಪ್ಪನಿಗೆ ಹೇಳು, ಜನ್ಮದಲ್ಲಿ ಕ್ಷಮಿಸಲ್ಲ ಅಂತ" ಅಂದಳು. ಸೂಪ್ ಕೊಟ್ಟ ಅಜ್ಜ ಟೋಪಿ ತೆಗೆದರು.

ಆಮೇಲಿನದು ನಿನಗೂ ಗೊತ್ತು. ಲಾರಿಯ ಹಿಂದೆ ನೀನು ಒದ್ದೆ ಬಟ್ಟೆಯ ಗುಡ್ಡೆ ಎಣಿಸುತ್ತಿದ್ದೆ. ಹ್ಯಾಲೊರನ್ ಬಂದು, "ಪ್ಲೆಸ್ಕೋ, ಮುಂದಿನ ವಾರಕ್ಕೆ ಎಷ್ಟು ಚೀಲ ಬೇಕಯ್ಯಾ?" ಅಂದರು. ನೀನು ತಲೆ ಎತ್ತದೆಯೇ, "ಒಂದೂ ಉಳಿದಿಲ್ಲ ಸಾರ್. ಇನ್ನು ಯಾರೂ ಮನೆಗೆ ಹೋಗೋ ಹಾಗಿಲ್ಲ" ಅಂದೆ. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ, ನಿನ್ನನ್ನೇ ನೋಡುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯ ನಮ್ಮ ಅಡುಗೆಮನೆಯಲ್ಲಿ ಕೂತು ಸಾಸೇಜ್ ಹುರಿಯುತ್ತಾನಲ್ಲ ಅಂತ.

ಅಮ್ಮ ಇಂಗ್ಲೆಂಡಿನಿಂದ ಫೋನ್ ಮಾಡಿದ್ದಳು. "ಆ ಹೆಲ್ಮೆಟ್ ಆಟ ಇನ್ನೂ ಮುಗಿದಿಲ್ವಾ?" ಅಂತ ಎಂದಿನ ಹಾಗೆ ಕೇಳಿದಳು. ಎಲ್ಲ ಹೇಳಿದೆ. "ನಿಮ್ಮಪ್ಪ ಬೂಟಿನ ವಿಷಯದಲ್ಲಿ ಯಾವತ್ತೂ ತಪ್ಪು ಮಾಡಿದವನಲ್ಲ" ಅಂದಳು. ಅವಳ ಬಾಯಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಭಾನುವಾರ ಎರಡನೇ ಸುತ್ತು. ಹಾಸ್ಟೆಲಿನ ಟೀವಿಯಲ್ಲಿ ನೋಡುತ್ತೇನೆ. ಎಷ್ಟು ಅಂಕದಿಂದ ಸೋಲುತ್ತೀರಿ ಅಂತ ಇಲ್ಲಿನವರು ಆಗಲೇ ಮಾತಾಡಿಕೊಳ್ಳುತ್ತಿದ್ದಾರೆ. ಮಾತಾಡಲಿ ಬಿಡು. ನಿನ್ನ ಕೈ ಸ್ಥಿರವಾಗಿರಲಿ, ಮೊಣಕಾಲು ಒಪ್ಪಿಕೊಳ್ಳಲಿ, ಒಂದು ಮೊಳೆಯೂ ಸಡಿಲಾಗದಿರಲಿ. ಬರ್ನೆಲ್ ಅಣ್ಣನಿಗೆ ನನ್ನ ಅಪ್ಪುಗೆ ಹೇಳು, ಕೈ ಸುತ್ತು ಬರುವಷ್ಟು.

ನಿನ್ನ,
ಟಿಲ್ಡಾ

ಮರೆತಿದ್ದೆ ಅಂತ ಬರೆಯಲು ಹೊರಟೆ. ಮರೆತಿರಲಿಲ್ಲ ಅಪ್ಪ. ಮೂರು ಸಲ ಹರಿದದ್ದು ಇದನ್ನೇ.

ಆ ಸುರುಳಿಯನ್ನು ಏಳನೇ ಪೆಟ್ಟಿಗೆಗೆ ಹಾಕಿದ್ದು ನೀನಲ್ಲ, ನಾನು. ಹೋದ ವಾರದ ಸೋಮವಾರ ಚೀಲದ ದಿನ ಆಗಬೇಕಿತ್ತು. ರಜೆ ಮುಗಿಸಿದ ನನ್ನನ್ನು ನೀನೇ ಕಾರಿನಲ್ಲಿ ಕಾಲೇಜಿಗೆ ಬಿಡುತ್ತೇನೆ ಅಂದಿದ್ದೆ, ಏಳು ಗಂಟೆಯ ದಾರಿ, ನಾವಿಬ್ಬರೇ. ಹಿಂದಿನ ಸಂಜೆ ಇನ್ಯಾರೋ ಸೋತು ನೀವು ಒಳಗೆ ಬಂದಿರಿ. ವಿದಾಯ ಹೇಳಲು ಬಂದರೆ ನೀನು ಪೆಟ್ಟಿಗೆ ತುಂಬುತ್ತಾ, "ಬಸ್ಸಿಗೆ ಹೋಗ್ತೀಯಲ್ವಾ ಪುಟ್ಟಾ?" ಅಂದೆ. ಆಟಗಾರರ ಗೂಡಿನ ಕೆಳಗೆ ನೀನು ಮೊದಲೇ ಇಟ್ಟಿದ್ದ ಸುರುಳಿ ಕಣ್ಣಿಗೆ ಬಿತ್ತು. ಸಿಟ್ಟಲ್ಲಿ ತುರುಕಿದೆ. ಬಸ್ಸು ಊರು ದಾಟುವ ಹೊತ್ತಿಗೇ ಇಳಿದು ವಾಪಸ್ ಓಡೋಣ ಅನ್ನಿಸಿತ್ತು. ಗೇಟಿನ ಹತ್ತಿರ ಹೇಳಬೇಕು ಅಂತಲೇ ಬಂದಿದ್ದೆ. ನೀನು ತಪ್ಪನ್ನು ಆಗಲೇ ನಿನ್ನ ತಲೆ ಮೇಲೆ ಹೊತ್ತುಕೊಂಡಿದ್ದೆ. ಈಗ ಎಲ್ಲರೂ ಅದನ್ನು ನಿನ್ನ ಜಾಣತನ ಅನ್ನುತ್ತಿದ್ದಾರೆ. ಹ್ಯಾಲೊರನ್ ಅವರಿಗೆ ನಿಜ ಹೇಳಬೇಕಾದರೆ ಹೇಳು, ನನ್ನ ಹೆಸರು ಹೇಳು.

ಇನ್ನೂ ಒಂದಿದೆ. ಬೋರ್ಡಿಂಗ್ ಶಾಲೆಯಲ್ಲಿ ಆಗಸ್ಟಿನಿಂದ ಜನವರಿವರೆಗೆ ನೀನು ಬರುತ್ತಿರಲಿಲ್ಲ. ತಂಡ ಸೋತು, ಚೀಲ ತುಂಬಿ, ಮಾರನೇ ದಿನ ನಿನ್ನ ಕಾರು ಗೇಟಿಗೆ ಬರುತ್ತಿತ್ತು. ಅದಕ್ಕೆ ನಾನು ಒಂಬತ್ತು ವರ್ಷ, ಪ್ರತಿ ಶನಿವಾರ, ಹಾಸಿಗೆಯ ಪಕ್ಕ ಮಂಡಿಯೂರಿ ಟಗ್ಸ್ ಸೋಲಲಿ ಅಂತ ಬೇಡಿಕೊಂಡಿದ್ದೇನೆ. ನೀವು ಸೋಲುತ್ತಲೇ ಇದ್ದಿರಿ. ನನ್ನಿಂದಲೇ ಅಂತ ತಿಳಿದಿದ್ದೆ.

ಈ ಶನಿವಾರವೂ ಮಂಡಿಯೂರುತ್ತೇನೆ ಅಪ್ಪ. ನೀನು ಬರದೇ ಇರಲಿ ಅಂತ ಬೇಡಿಕೊಳ್ಳುವುದು ಇದೇ ಮೊದಲು.